ಕೂಡುವ ಕೆಲಸ

ಕರುಂಬಯ್ಯ ನಾಲ್ಕು ಲಾಗ್‌ಬುಕ್ ತಂದು
ನನ್ನ ಊಟದ ಮೇಜಿನ ಮೇಲಿಟ್ಟ.
ನೀಲಿ ರಟ್ಟು; ಒಂದರ ಬೆನ್ನಿಗೆ ಬ್ಯಾಂಡೇಜು.
"ಸ್ಟೆಲ್ಲಾಂಟಿ, ಮೂರು ಸಲ ಕೂಡಿದೆ,
ಮೂರು ಸಲವೂ ಬೇರೆ ಬೇರೆ ಬಂತು."

ವಿರಾಜಪೇಟೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಮೂವತ್ತೊಂದು ವರ್ಷ ಮೂಟೆ ಕೂಡಿದವಳು ನಾನು.
ಎಷ್ಟು ಬಂತು, ಸಿಪ್ಪೆಯಾಗಿ ಎಷ್ಟು ಹೋಯಿತು,
ಬೇಳೆ ಎಷ್ಟು ಉಳಿಯಿತು,
ಧಣಿಗಳು ನನ್ನ ಮುಖ ನೋಡಿಯೇ ತಿಳಿಯುತ್ತಿದ್ದರು.
ಆಕಾಶವನ್ನು ಮಾತ್ರ ಯಾರೂ ತೂಕಕ್ಕೆ ತಂದಿರಲಿಲ್ಲ.

ಕನ್ನಡಕ ಒರೆಸಿ, ಸ್ಕೇಲು ಹಿಡಿದು, ಸಾಲು ಸಾಲಾಗಿ ಇಳಿದೆ.
ನಲವತ್ತು ನಿಮಿಷ. ಮೂವತ್ತೈದು. ನಲವತ್ತೈದು. ನಲವತ್ತು.
ಪುಟ ತಿರುಗಿಸಿದರೂ ಒಂದು ಗಂಟೆ ತುಂಬಿದ್ದು ಕಾಣೆ.
"ಏನೋ ಮಗಾ, ಹೋದ ಹಾಗೇ ಬಂದುಬಿಡ್ತಿದ್ದೆಯಾ?"
"ಯುದ್ಧವಿಮಾನ ಆಂಟಿ. ಎಣ್ಣೆ ಹಿಡಿಯೋದೇ ಅಷ್ಟು."
ಸ್ಟವ್ವಿನ ಬಗ್ಗೆ ಹೇಳುವ ಹಾಗೆ ಹೇಳಿದ.

ಷರಾ ಕಾಲಮ್ಮಿನಲ್ಲಿ ಇರುವೆ ಸಾಲಿನಂಥ ಅಕ್ಷರ:
ಮೋಡ. ರೇಡಿಯೋ ಕೆಟ್ಟಿದೆ. ಹಕ್ಕಿ.
ಹಕ್ಕಿ ಎಂದು ಬರೆದ ದಿನ ಹನ್ನೆರಡೇ ನಿಮಿಷ.
ನಾನು ಕೇಳಲಿಲ್ಲ.
ಹನ್ನೆರಡನ್ನು ಕೂಡಿಕೊಂಡೆ.

ಸಂಜೆ ಗಡಿಯಾರ ಕಂಬದ ಕಡೆ ಬಸ್ಸುಗಳ ಸದ್ದು ಅಡಗಿತು.
ಎರಡು ಸಾವಿರದ ನೂರ ತೊಂಬತ್ತೆರಡು ಸಲ ಏರಿ ಇಳಿದವನ ಮೊತ್ತ
ಸಾವಿರದ ನಾನೂರ ಅರವತ್ತೊಂದು ಗಂಟೆ.
ಕಂಪನಿ ವಿಮಾನದ ಲೈಸೆನ್ಸಿಗೆ ಬೇಕಾದ್ದು ಸಾವಿರದ ಐನೂರು.
ಇಪ್ಪತ್ತೆರಡು ವರ್ಷ ಒಣಗಿಸಿದ ಮೇಲೆ
ಮೂವತ್ತೊಂಬತ್ತು ಕಮ್ಮಿ.

ಅವನು ನಕ್ಕ. "ಲೆಕ್ಕದ ತಮಾಷೆ ಕೇಳಿ.
ನಮ್ಮ ಗಡಿಯಾರ ಶುರುವಾಗೋದು ಚಕ್ರ ನೆಲ ಬಿಟ್ಟ ಮೇಲೆ.
ಅವರದ್ದು, ಚಕ್ರಕ್ಕೆ ಕೊಟ್ಟ ಕಟ್ಟೆ ತೆಗೆದಾಗಿಂದ."
ಅಂದರೆ ಬಿಸಿಲಲ್ಲಿ ರನ್‌ವೇ ತುದಿಗೆ ಹೊರಳಿದ್ದು,
ಅಪ್ಪಣೆಗೆ ಕಾದದ್ದು,
ಇಳಿದ ಮೇಲೆ ಕಾಲು ನಡುಗುತ್ತಾ ವಾಪಸು ಬಂದದ್ದು
ಯಾವ ಕಾಲಮ್ಮಿನಲ್ಲೂ ಇಲ್ಲ.
ಸಲಕ್ಕೆ ಹತ್ತು ನಿಮಿಷ ಹಿಡಿದು ಗುಣಿಸಿದೆ:
ಮುನ್ನೂರ ಅರವತ್ತೈದು ಗಂಟೆ
ಸಿಪ್ಪೆಯ ಜೊತೆ ಹೋಗಿದೆ.

ಮೂರನ್ನು ಎಂಟು ಮಾಡುವುದು ನನಗೆ ಗೊತ್ತು.
ತೊಂಬತ್ತೇಳರಲ್ಲಿ ಒಬ್ಬ ಧಣಿಯ ಕರಿಮೆಣಸಿಗಾಗಿ ಮಾಡಿದ್ದೇನೆ;
ಪಾಪನಿವೇದನೆಯಲ್ಲಿ ಇನ್ನೂ ಹೇಳಿಲ್ಲ.
ಪೆನ್ನು ಒಂದು ಮೂವತ್ತೈದರ ಮೇಲೆ ನಿಂತದ್ದು
ಅವನ ಕಣ್ಣಿಗೆ ಬಿತ್ತು.
"ಬೇಡ ಆಂಟಿ. ಪ್ರತಿ ತಿಂಗಳ ಕೆಳಗೂ ಒಬ್ಬರ ಸಹಿ ಇದೆ.
ಅವರಲ್ಲಿ ಕೆಲವರು ಇನ್ನೊಂದು ಸಲ ಸಹಿ ಹಾಕಲಾರರು."
ಪೆನ್ನಿಗೆ ಮುಚ್ಚಳ ಹಾಕಿದೆ.

ಮೈಸೂರಿಗೆ ಹೋಗುತ್ತಾನಂತೆ.
ಎರಡು ಸೀಟಿನ ಪುಟ್ಟ ವಿಮಾನ, ಗಂಟೆಗಿಷ್ಟು ಎಂದು ಬಾಡಿಗೆ.
ಪಕ್ಕದಲ್ಲಿ ಇಪ್ಪತ್ತನಾಲ್ಕರ ಹುಡುಗನೊಬ್ಬ ಕೂತು
ಇವನ ತಪ್ಪು ಹಿಡಿಯುತ್ತಾನೆ.
"ಮೇಲೆ ಒಂದು ಗಂಟೆ ಪೂರ್ತಿ ಇರಬಹುದು," ಎಂದ,
ಆಮೇಲೆ ಸ್ವಲ್ಪ ನಾಚಿ,
"ಅಷ್ಟು ಹೊತ್ತು ಏನು ಮಾಡ್ತಾರೋ."
ಕೆಳಗೆ ನೋಡು ಎಂದೆ.
ಕೆಳಗೆ ನೋಡುವುದು ಅವನಿಗೆ ಬೇರೆಯೇ ಅರ್ಥವೇನೋ,
ಸುಮ್ಮನೆ ಕಾಫಿ ಕುಡಿದ.

ನಮ್ಮ ಮನೆಯ ಮುಂದಿನದು ಕಡಿದಾದ ಏರು.
ಜೀಪಿನ ಹಿಂಚಕ್ರಕ್ಕೆ ಕಲ್ಲು ಕೊಟ್ಟಿದ್ದ.
ಟಾರ್ಚು ಹಿಡಿದು ಸುತ್ತ ಒಂದು ಬಾರಿ ನಡೆದ,
ಪ್ರತಿ ಚಕ್ರವನ್ನೂ ಅಂಗೈಯಿಂದ ತಟ್ಟಿದ,
ಬಗ್ಗಿ ಕಲ್ಲು ತೆಗೆದು ಬೇಲಿಯ ಬುಡಕ್ಕಿಟ್ಟ.
ಬೆಲ್ಟು, ಕನ್ನಡಿ, ದೀಪ, ಮತ್ತೆ ಕನ್ನಡಿ.
ತಿರುವಿನಲ್ಲಿ ಕೆಂಪು ಬೆಳಕು ಮರೆಯಾಗುವವರೆಗೆ
ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ನಾಲ್ಕು ನಿಮಿಷ.
ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ
ಪೆನ್ಸಿಲಿನಲ್ಲಿ ಬರೆದುಕೊಂಡೆ.